ತುಳಸಿಕಟ್ಟೆಯ ಮೇಲಿನ ಕೆಂಪು ಬಾಣ

ಕೆಳಗದ್ದೆ ಕೇರಿಯಲ್ಲಿ ಬೆಳಗಾಗುವುದು ನೀರಿನ ಮೇಲೆ. ಮಂಜಗುಣಿಯಿಂದ ಆಚೆ, ಗಂಗಾವಳಿ ಸಮುದ್ರ ಸೇರುವ ಮೊದಲು ಮೈಚಾಚಿ ಮಲಗುವ ಜಾಗದಲ್ಲಿ ಇದೊಂದು ಪುಟ್ಟ ಕೇರಿ. ದಸರಾ ಮುಗಿದು ದೀಪಾವಳಿ ಹತ್ತಿರ ಬಂದರೂ ಇಲ್ಲಿನ ಗದ್ದೆ, ಅಂಗಳಗಳಿಂದ ಮಳೆಗಾಲದ ನೀರು ಇಳಿದಿಲ್ಲ. ಆ ನೀರಿನ ಅಂಚಿನಲ್ಲಿ, ರಸ್ತೆಗೆ ತಾಗಿಕೊಂಡು, ಬೀರಾ ಗೌಡ ಅಳತೆಕೋಲು ಹಿಡಿದು ನಿಂತಿದ್ದಾರೆ. ಲುಂಗಿ ಮೊಣಕಾಲಿನ ಮೇಲಕ್ಕೆ ಕಟ್ಟಿದೆ, ಪಾದಗಳು ಕೆಸರಿನೊಳಗೆ ಹೂತಿವೆ. ಅವರ ಎರಡು ಆಳೆತ್ತರದ ಕೋಲು ಮಾತ್ರ ನೆಟ್ಟಗೆ ನಿಂತಿದೆ.

ದೂರದಲ್ಲಿ, ರಸ್ತೆಯ ಮೇಲೆ, ಮೂರು ಕಾಲಿನ ಸ್ಟ್ಯಾಂಡಿಗೆ ಎತ್ತರ ತಗ್ಗು ಅಳೆಯುವ ಲೆವೆಲ್ ಯಂತ್ರ ಕೂರಿಸಿಕೊಂಡು ಸರ್ವೇಯರ್ ರೋಷನ ಒಂದು ಕಣ್ಣು ಮುಚ್ಚಿದ್ದಾನೆ. ಅವನು ಕೈ ಎತ್ತುತ್ತಾನೆ. ಬೀರಾ ಕೋಲನ್ನು ನಿಧಾನವಾಗಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗುತ್ತಾರೆ. ಹಾಗೆ ತೂಗುವಾಗ ಕಾಣುವ ಅಂಕಿಗಳಲ್ಲಿ ಎಲ್ಲಕ್ಕಿಂತ ಕಡಿಮೆಯದೇ ಸರಿಯಾದ ಅಂಕಿ, ಕೋಲು ನೆಟ್ಟಗಿದ್ದಾಗ ಸಿಗುವ ಅಂಕಿ. ಅದು ಯಾವುದೆಂದು ಬೀರಾ ಅವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಅಂಕಿಗಳ ಮುಖ ಯಂತ್ರದ ಕಡೆಗಿರುತ್ತದೆ. ಕೋಲು ಹಿಡಿದವರು ನೋಡುವುದು ಕೋಲಿನ ಬೆನ್ನನ್ನು.

ಇವತ್ತು ಬೀರಾ ಖುಷಿಯಾಗಿದ್ದಾರೆ. ಕಾರವಾರದ ಕಚೇರಿಯಿಂದ ನಿನ್ನೆ ಸಂಜೆ ಫೋನ್ ಬಂದಿತ್ತು. ಕೆಳಗದ್ದೆ ಕೇರಿಯಲ್ಲಿ ಲೆವೆಲ್ ತೆಗೆಯುವುದಿದೆ, ಕೋಲು ತಗೊಂಡು ಬಾ ಎಂದಷ್ಟೇ ಹೇಳಿದ್ದರು. ಉಳಿದದ್ದನ್ನು ಬೀರಾ ತಾವೇ ಸೇರಿಸಿಕೊಂಡಿದ್ದಾರೆ.

"ಮೋರಿದೇ ಇರ್ಬೇಕು, ಮತ್ತೆಂತಕ್ಕೆ ಬತ್ತರು ಇಲ್ಲಿಗೆ? ನಾಲ್ಕು ಮಳೆಗಾಲ ಹೇಳ್ದೆ, ಹೇಳ್ದೆ, ಬಾಯಿ ಒಣಗೂವರೆಗೆ ಹೇಳ್ದೆ. ಕಡೆಗೂ ದೇವರು ಕಣ್ಣು ಬಿಟ್ಟ ಕಾಣ್ತದೆ" ಎನ್ನುತ್ತಾರೆ ಅವರು, ಕೋಲಿನಿಂದ ಕೈ ತೆಗೆಯದೆ.

ಅವರ ಹಿಂದೆ ರಸ್ತೆಯಡಿಯಲ್ಲಿ ಆ ಮೋರಿ ಇದೆ. ಕೇರಿಯ ನೀರೆಲ್ಲ ಅದರೊಳಗೆ ಹಾದು ಹೊಳೆಗೆ ಹೋಗಬೇಕು. ಆದರೆ ಅದರ ಕಾಂಕ್ರೀಟ್ ತಳ ಇರಬೇಕಾದ್ದಕ್ಕಿಂತ ಒಂದು ಗೇಣು ಮೇಲಿದೆ. ಒಂದೇ ಒಂದು ಗೇಣು. ಅಷ್ಟೂ ನೀರು ಹೊರಗೆ ಹೋಗಲಾರದೆ ಕೇರಿಯೊಳಗೇ ನಿಲ್ಲುತ್ತದೆ, ಬಿಸಿಲು ಕುಡಿದು ಮುಗಿಸುವವರೆಗೆ. ಭತ್ತ ಕೊಳೆಯುತ್ತದೆ, ಬಾವಿ ಕೆಡುತ್ತದೆ, ಮಣ್ಣಿನ ಗೋಡೆ ಬುಡದಿಂದ ಉದುರುತ್ತದೆ. ಇಲಾಖೆಯ ಕಾಗದದಲ್ಲಿ ಈ ಕಾಮಗಾರಿ ತೃಪ್ತಿಕರವಾಗಿ ಮುಗಿದಿದೆ. ನೀರಿಗೆ ಮಾತ್ರ ಯಾರೂ ಅದನ್ನು ತಿಳಿಸಿಲ್ಲ.

ಬೀರಾ ಗೌಡರ ಊರು ಅಗಸೂರು. ಹಾಲಕ್ಕಿ ಒಕ್ಕಲಿನ ಮನೆ, ತುಂಡು ಗದ್ದೆ, ಕೂಲಿ. ಕರಾವಳಿಗೆ ರೈಲು ಬರುತ್ತದೆಂದು ಎಲ್ಲರೂ ಮಾತಾಡುತ್ತಿದ್ದ ಕಾಲದಲ್ಲಿ, ಸರ್ವೆಯವರಿಗೆ ಗುಡ್ಡದಲ್ಲಿ ಪೊದೆ ಕಡಿದು ದಾರಿ ಮಾಡಿಕೊಡಲು ಕತ್ತಿ ಹಿಡಿದು ಹೋದ ಹುಡುಗ ಅವರು. ಕೋಲು ಹಿಡಿಯುವವನಿಗೆ ಒಂದು ದಿನ ಜ್ವರ ಬಂತು. ಆ ಕೋಲು ಇವರ ಕೈಗೆ ಬಂತು, ಮತ್ತೆ ಬಿಡಲಿಲ್ಲ. ರೈಲು ಮುಗಿದ ಮೇಲೆ ಹೆದ್ದಾರಿ, ಹೆದ್ದಾರಿಯ ನಂತರ ಕುಡಿಯುವ ನೀರಿನ ಪೈಪು, ಬಂದರಿನ ರಸ್ತೆ, ಹೊಳೆದಂಡೆಯ ಗೋಡೆ. ಒಬ್ಬ ಗುತ್ತಿಗೆದಾರ ಇವರನ್ನು ಇನ್ನೊಬ್ಬನಿಗೆ ದಾಟಿಸುತ್ತ ಬಂದಿದ್ದಾನೆ. ಕಾಯಂ ಮಾಡುತ್ತೇವೆಂದು ಹೇಳಿದವರೆಲ್ಲ ನಿವೃತ್ತರಾಗಿ ಹೋದರು. ತಲೆಗೂದಲು ಬೆಳ್ಳಗಾದ ಬೀರಾ ಇವತ್ತಿಗೂ ದಿನಗೂಲಿ.

ಕೋಲು ಹಿಡಿಯುವುದೇನು ಮಹಾ ಕೆಲಸ ಎಂದು ನೀವು ಕೇಳಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಕೋಲೆಯ ಡಾಂಬರು ರಸ್ತೆಯ ಮೇಲೆ, ಬಿಸಿಲಿಗೆ ಮುಖಕೊಟ್ಟು, ಅರ್ಧ ಗಂಟೆ ಅಲುಗಾಡದೆ ನಿಂತು ನೋಡಿ. ಇವರು ಕೆಸರಿನಲ್ಲಿ ಸೊಂಟದವರೆಗೆ ಇಳಿದಿದ್ದಾರೆ, ಕಣಜ ಕಚ್ಚಿ ಮುಖ ಊದಿಸಿಕೊಂಡಿದ್ದಾರೆ, ಎಮ್ಮೆ ಅಟ್ಟಿಸಿಕೊಂಡು ಬಂದರೂ ಕೋಲು ಬಿಸಾಡದೆ ಓಡಿದ್ದಾರೆ. ಎಮ್ಮೆಗಿಂತ ಜನರ ಕಾಟವೇ ಹೆಚ್ಚಂತೆ. ಕೋಲು ಕಂಡರೆ ಸಾಕು, ಜಾಗಾ ಹೋಯಿತು ಎಂದು ಮನೆಮಂದಿಯೆಲ್ಲ ಹೊರಗೆ ಬರುತ್ತಾರೆ. ಒಂದೂರಿನಲ್ಲಿ ಒಬ್ಬಾಕೆ ಇವರು ಹೊಡೆದ ಗೂಟಗಳನ್ನೆಲ್ಲ ಕಿತ್ತು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿಬಿಟ್ಟಳು.

"ಬೈತರು, ಮತ್ತೆ ಅವ್ರೇ ಮಜ್ಜಿಗೆ ತಂದು ಕೊಡ್ತರು. ನಂಗೆ ಬೈದ್ರೆ ಎಂತ ಸಿಕ್ತದೆ? ಸಾಹೇಬ್ರಿಗೆ ಬೈಯೂಕೆ ಹೆದ್ರಿಕೆ, ಅದ್ಕೆ ಕೋಲಿನಂವಗೆ ಬೈಯೂದು" ಎಂದು ಬೀರಾ ನಗುತ್ತಾರೆ.

ಕಷ್ಟವಿದ್ದರೂ ಅವರಿಗೆ ಈ ಕೆಲಸದ ಮೇಲೆ ಭಾರಿ ಅಭಿಮಾನವಿತ್ತು. ಇತ್ತು ಎಂದೇ ಬರೆಯಬೇಕು. ಹೆಂಡತಿ ಬೊಮ್ಮಿ ಅಗಸೂರಿನ ಕಡೆ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಅವರು ಹೇಳುವ ಮಾತು ಕೇಳಿ: "ಮೊದ್ಲೆಲ್ಲಾ ಇವ್ರ ಸಂಗಡ ಬಸ್ಸಲ್ಲಿ ಕೂರೂಕೇ ನಾಚ್ಕೆ. ಪ್ರತಿ ಮೋರಿ ಬಂದಾಗ್ಲೂ ತಿವಿಯೂದು, ನೋಡೇ, ಇದ್ಕೆ ನಾನೇ ನಿಂತಿದ್ದೆ, ಆ ಸೇತುವೆಗೂ ನಾನೇ ನಿಂತಿದ್ದೆ ಅಂತ. ಬಸ್ಸಿನ ಮಂದಿಯೆಲ್ಲಾ ತಿರ್ಗಿ ನೋಡೂದು. ಈಗ ಕಿಟಕಿ ಬದಿಗೆ ಕೂರೂದೇ ಇಲ್ಲ. ಕೂತ್ರೂ ಕಣ್ಣು ಮುಚ್ಕೊಳ್ತರು."

ಕಣ್ಣು ಮುಚ್ಚಿಸಿದ್ದು ಇದೇ ಕೆಳಗದ್ದೆ ಕೇರಿಯ ಮೋರಿ.

ರಸ್ತೆ ಕಟ್ಟುವ ಮೊದಲು ಆ ಊರಿನಲ್ಲಿ ಅಲುಗಾಡದ ಒಂದು ಜಾಗ ಬೇಕು. ಅದರ ಎತ್ತರವನ್ನು ಒಮ್ಮೆ ಸರಿಯಾಗಿ ಅಳೆದು, ಅಲ್ಲೊಂದು ಕೆಂಪು ಬಾಣ ಬರೆದಿಟ್ಟರೆ, ಮುಂದಿನ ಎಲ್ಲ ಅಳತೆಗೂ ಅದೇ ತಳಹದಿ. ಬೆಂಚ್ ಮಾರ್ಕ್ ಎಂದು ಅದಕ್ಕೆ ಹೆಸರು. ಇಂಥ ಜಾಗ ಹುಡುಕುವುದರಲ್ಲಿ ಬೀರಾ ಎತ್ತಿದ ಕೈ ಎಂದು ಕಚೇರಿಯಲ್ಲಿ ಹೆಸರಾಗಿತ್ತು. ಮರ ಆಗದು, ಬೆಳೆಯುತ್ತದೆ. ಮೈಲಿಗಲ್ಲು ಆಗದು, ಅಗಲೀಕರಣಕ್ಕೆ ಕೀಳುತ್ತಾರೆ. ಬಾವಿಕಟ್ಟೆ ಒಡೆಯುತ್ತದೆ. ಬೀರಾ ಕಂಡುಕೊಂಡದ್ದು ತುಳಸಿಕಟ್ಟೆಯನ್ನು. ಚಿರೆಕಲ್ಲಿನ ಗಟ್ಟಿ ಕಟ್ಟೆ, ಅದನ್ನು ಯಾರೂ ತುಳಿಯುವುದಿಲ್ಲ, ಯಾರೂ ಒಡೆಯುವುದಿಲ್ಲ, ಹೆಂಗಸರು ದಿನಾ ಬೆಳಿಗ್ಗೆ ನೀರು ಹಾಕಿ ನೋಡಿಕೊಳ್ಳುತ್ತಾರೆ. ಸರ್ಕಾರಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ಎಲ್ಲಿ ಸಿಗಬೇಕು! ಹಾಗಾಗಿ ಕೆಳಗದ್ದೆ ಕೇರಿಯಲ್ಲಿ ನಾಗಮ್ಮ ಎಂಬವರ ಅಂಗಳದ ತುಳಸಿಕಟ್ಟೆಗೆ ಬೀರಾ ಕೈ ಮುಗಿದು, ಚಪ್ಪಲಿ ಬಿಟ್ಟು, ಮೇಲಿನ ಸಾಲಿನ ಒಂದು ಕಲ್ಲಿನ ಮೇಲೆ ಬಾಣ ಬರೆದರು. ನಾಗಮ್ಮನಿಗೆ ಹೇಳಿಯೂ ಹೇಳಿದರು: ಇದು ಸರ್ಕಾರದ ಗುರ್ತು, ಜತನ ಮಾರಾಯ್ತಿ, ಅಳಿಸಿ ಹೋಗೂಕೆ ಬಿಡ್ಬೇಡ.

ನಾಗಮ್ಮ ಬಿಡಲಿಲ್ಲ. ಅದೇ ಆದದ್ದು.

ಮರುವರ್ಷ ನಾಗಮ್ಮನ ಮಗಳು ಸಂಧ್ಯಾಳ ಮದುವೆ ನಿಶ್ಚಯವಾಯಿತು. ಬೀಗರು ಬರುತ್ತಾರೆ, ಅಂಗಳದಲ್ಲಿ ಕಟ್ಟೆ ಗಿಡ್ಡಗೆ ಕಾಣುತ್ತದೆ, ಒಂದು ಸಾಲು ಎತ್ತರಿಸೋಣ ಎಂದರು ಮನೆಯವರು. ಕಲ್ಲುಕಟ್ಟುವವನು ಮೇಲಿನ ಸಾಲನ್ನು ಬಿಚ್ಚಿದ, ನಡುವೆ ಹೊಸ ಚಿರೆಕಲ್ಲಿನ ಒಂದು ಸಾಲು ಕೂರಿಸಿದ, ಹಳೆಯ ಸಾಲನ್ನು ಅದರ ಮೇಲೆ ಮತ್ತೆ ಇಟ್ಟ. ಬಾಣವಿದ್ದ ಕಲ್ಲನ್ನು ನಾಗಮ್ಮ ತಮ್ಮ ಸೀರೆಯ ಸೆರಗಿನಿಂದ ಒರೆಸಿ, ತಾವೇ ಎತ್ತಿಕೊಟ್ಟು, ಮೊದಲಿದ್ದ ಮೂಲೆಯಲ್ಲೇ, ಮೊದಲಿದ್ದ ಮುಖ ಮಾಡಿಯೇ ಕೂರಿಸಿದರು. ಅದರ ಮೇಲೆ ಒಂದು ಹನಿ ಸುಣ್ಣ ಬೀಳಲಿಲ್ಲ. ಸರ್ಕಾರದ ಗುರುತು ಅಳಿಸಿದರೆ ನಾಳೆ ಕೇಸು ಗೀಸು ಆದೀತೆಂದು ಅವರಿಗೆ ಹೆದರಿಕೆ.

ಅದರ ಮರುವರ್ಷ ರಸ್ತೆ ಕೆಲಸ ಶುರುವಾಯಿತು. ಬೀರಾ ಎಂದಿನಂತೆ ಚಪ್ಪಲಿ ಬಿಟ್ಟು ಬಾಣದ ಮೇಲೆ ಕೋಲು ಇಟ್ಟರು. ಎತ್ತರವನ್ನು ಇನ್ನೊಂದು ಜಾಗದಿಂದ, ಅಂದರೆ ಹೊಳೆಯ ಹಳೆಯ ಸೇತುವೆಯ ಗುರುತಿನಿಂದ, ತಾಳೆ ನೋಡಬೇಕೆಂದು ನಿಯಮ. ಅವತ್ತು ಮೋಡ ಕಟ್ಟಿತ್ತು, ಮಳೆಗೆ ಮೊದಲು ಕಾಂಕ್ರೀಟ್ ಹಾಕುವ ಗಡಬಡಿ, ಸೇತುವೆ ದೂರ. ಕಟ್ಟೆಯದೊಂದೇ ಸಾಕು ಎಂದರು ಅಂದಿನ ಸಾಹೇಬರು. ಒಂದು ಗೇಣು ಮೇಲೆ ಹೋಗಿದ್ದ ಕಲ್ಲಿನಿಂದ, ಹಳೆಯ ಲೆಕ್ಕವನ್ನೇ ಹಿಡಿದು ಅಳೆದರು, ಮೋರಿಯ ತಳವೂ ಒಂದು ಗೇಣು ಮೇಲೆ ಹೋಗಿ ಕೂತಿತು.

"ಕಲ್ಲು ಅದೇ. ಬಣ್ಣ ಅದೇ. ನಾ ಬರ್ದ ಬಾಣ ನಂಗೆ ಗುರ್ತು ಸಿಗೂದಿಲ್ವಾ? ಕಟ್ಟೆ ಹೊಸಾದು ಕಂಡಂಗೆ ಕಂಡಿತ್ತು, ಖರೇ. ತುಳಸಿ ಲಗ್ನಕ್ಕೆ ಸುಣ್ಣ ಬಳ್ದಿರ್ಬೇಕು ಅಂತ ಮಾಡ್ದೆ. ತುಳಸಿಗೆ ಕೈ ಮುಗೀತೇ ಇದ್ದೆ ನಾನು. ಕಾಲ ಬುಡಕ್ಕೆ ನೋಡ್ಲಿಲ್ಲ" ಎನ್ನುತ್ತಾರೆ ಬೀರಾ.

ಮೊದಲ ಮಳೆಗಾಲದಲ್ಲೇ ನೀರು ನಿಂತಿತು. ಸಮುದ್ರದ ಉಬ್ಬರ ಜಾಸ್ತಿಯಾಗಿದೆ ಎಂದರು ಕಚೇರಿಯವರು. ಕಸ ಕಟ್ಟಿದೆ ಎಂದರು. ಕೇರಿಯವರು ಕಸ ತೆಗೆದರು, ನೀರು ಇಳಿಯಲಿಲ್ಲ. ಆಗ ನೋಡಲು ಬಂದ ತಂಡದ ಜೊತೆ ಕೋಲು ಹೊತ್ತು ಬಂದಿದ್ದ ಬೀರಾ, ಕುಡಿಯಲು ನೀರು ಕೇಳಿಕೊಂಡು ನಾಗಮ್ಮನ ಮನೆಗೆ ಹೋದರು. ಅಂಗಳದ ನೀರಿನಲ್ಲಿ ನಿಂತುಕೊಂಡೇ ನಾಗಮ್ಮ ಮಜ್ಜಿಗೆಯ ಲೋಟ ಕೈಗಿತ್ತರು. ಕಟ್ಟೆಯ ಕಡೆ ಕೈ ತೋರಿಸಿದರು.

"ನೋಡು ಮಾರಾಯಾ, ನಿನ್ನ ಗುರ್ತು ಹೆಂಗೆ ಕಾದಿಟ್ಟಿದ್ದೆ! ಮಗಳ ಮದ್ವಿಗೆ ಕಟ್ಟೆ ಎತ್ತರ ಮಾಡ್ದಾಗೂ ನಿನ್ನ ಕಲ್ಲು ಬಿಡ್ಲಿಲ್ಲ, ಅದೇ ಜಾಗಕ್ಕೆ ಕೂರ್ಸಿದ್ದೆ" ಎಂದರು, ಮೆಚ್ಚುಗೆಯ ಒಂದು ಮಾತು ಬಂದೀತೆಂದು ಕಾಯುತ್ತ.

ಬೀರಾ ಮಜ್ಜಿಗೆ ಕುಡಿಯಲಿಲ್ಲ. ಲೋಟವನ್ನು ಜಗಲಿಯ ಮೇಲಿಟ್ಟರು. ನೀರಿಗೆ ಕೈ ಹಾಕಿ ಕಟ್ಟೆಯ ಸಾಲುಗಳನ್ನು ಕೆಳಗಿನಿಂದ ತಡವಿ ನೋಡಿದರು. ಹೊಸ ಸಾಲು ಬೆರಳಿಗೇ ಗೊತ್ತಾಯಿತು. ಎಂಥ ಗಳಿಗೆಯಪ್ಪಾ ಅದು! ನಾಗಮ್ಮ ಏನಾಯಿತು ಏನಾಯಿತು ಎಂದು ಕೇಳುತ್ತಲೇ ಇದ್ದರಂತೆ. ಕೊನೆಗೆ ಬೀರಾ, ಕಲ್ಲು ಮೇಲೆ ಹೋದದ್ದಕ್ಕೇ ಮೋರಿಯೂ ಮೇಲೆ ಕೂತಿದೆ ಎಂದು ಹೇಳಿದರು.

"ಹಂಗಾರೆ ನಾನೇ ಮುಳುಗ್ಸಿದ್ನಾ ಕೇರಿನಾ?" ಎಂದು ಕೇಳಿದರು ನಾಗಮ್ಮ.

"ನೀನಲ್ಲ, ನಾನು" ಎಂದರು ಬೀರಾ.

ಇಬ್ಬರೂ ಅಲ್ಲ ಎಂದು ಹೇಳಬೇಕಾದವರು ಕಾರವಾರದಲ್ಲಿದ್ದರು. ಬೀರಾ ಕೂಲಿ ಬಿಟ್ಟು ಬಸ್ಸು ಹತ್ತಿ ಅಲ್ಲಿಗೆ ಹೋದರು, ಮತ್ತೆ ಹೋದರು, ಮತ್ತೂ ಹೋದರು. ನಡೆದದ್ದನ್ನು ನಿಂತು ನಿಂತೇ ಹೇಳಿದರು. ಕೇಳಿದವರು ಮೊದಲು ನಕ್ಕರು, ತುಳಸಿಕಟ್ಟೆಯ ಕತೆ ಚೆನ್ನಾಗಿದೆ ಎಂದರು. ಆಮೇಲೆ ಗಂಭೀರರಾದರು. ಕೆಲಸ ಮುಗಿದಿದೆ, ಸಾಹೇಬರು ವರ್ಗವಾಗಿ ಘಟ್ಟದ ಮೇಲೆ ಹೋಗಿದ್ದಾರೆ, ಇನ್ನು ಅದನ್ನು ಕೆದಕಬೇಡ ಎಂದರು. ಒಬ್ಬರಂತೂ ಬಾಗಿಲವರೆಗೆ ಬಂದು ಭುಜದ ಮೇಲೆ ಕೈಯಿಟ್ಟು ಕೇಳಿದರಂತೆ: "ಕೋಲು ಹಿಡಿದವನು ನೀನೇ ತಾನೆ? ತನಿಖೆ ಆದರೆ ಯಾರ ಹೆಸರು ಬರುತ್ತದೆ, ಯೋಚನೆ ಮಾಡು." ಬೀರಾ ಯೋಚನೆ ಮಾಡಿದರು. ಬರಲಿ ಎಂದರು. ಹಾಗೆಂದರೂ ಯಾರೂ ತನಿಖೆ ಮಾಡಲಿಲ್ಲ.

ಕೇರಿಯವರು ಸುಮ್ಮನೆ ಕೂತಿರಲಿಲ್ಲ. ಒಮ್ಮೆ ರಸ್ತೆಯನ್ನೇ ಅಡ್ಡ ಕಡಿದು ನೀರು ಬಿಟ್ಟರು. ಸರ್ಕಾರಿ ಆಸ್ತಿ ಹಾಳು ಮಾಡಿದಿರೆಂದು ಪೊಲೀಸರು ಬಂದು ಹೆದರಿಸಿದರು, ಗುತ್ತಿಗೆದಾರ ಒಂದೇ ದಿನದಲ್ಲಿ ಮುಚ್ಚಿಸಿದ. ಆ ಚುರುಕನ್ನು ಮೋರಿಗೆ ತೋರಿಸಿದ್ದರೆ! ಗದ್ದೆ ಹೋದ ಮೇಲೆ ಜನ ಒಬ್ಬೊಬ್ಬರಾಗಿ ಎದ್ದರು. ಒಬ್ಬರು ಅಂಕೋಲೆಗೆ, ಒಬ್ಬರು ಹೆಂಡತಿಯ ಊರಿಗೆ, ಇನ್ನೊಬ್ಬರು ಕಾರವಾರದಲ್ಲಿ ಬಾಡಿಗೆ ಕೋಣೆಗೆ. ಹೋಗುವಾಗ ಕೆಲವರು ನಾಗಮ್ಮನ ಮನೆಯ ಮುಂದೆ ನಿಂತು ಕೂಗಿಯೇ ಹೋದರು: ನಿನ್ನ ಮಗಳ ಮದ್ವೆ ನಮ್ಮ ಗದ್ದೆ ತಿಂತು. ಅದನ್ನು ಕೇಳಿದ ಸಂಧ್ಯಾ ತವರಿಗೆ ಬರುವುದನ್ನೇ ಬಿಟ್ಟಿದ್ದಾಳೆ.

ಇಷ್ಟೆಲ್ಲ ಆದ ಮೇಲೂ ಬೀರಾ ಈ ಕೇರಿಗೆ ಬರುವುದನ್ನು ಬಿಟ್ಟಿಲ್ಲ. ರಜೆ ಸಿಕ್ಕಾಗ ಬಂದು ನಾಗಮ್ಮನ ಮನೆಯ ಗೋಡೆಗೆ ಮಣ್ಣು ಮೆತ್ತಿ ಹೋಗುತ್ತಾರೆ. ಮೋರಿ ಇಳಿಸಿದರೆ ಹೋದವರೆಲ್ಲ ಬರುತ್ತಾರೆ, ಗದ್ದೆ ಎಲ್ಲಿಗೂ ಹೋಗಿಲ್ಲ, ನೀರಿನಡಿಯಲ್ಲೇ ಇದೆ ಎಂಬುದು ಅವರ ವಾದ. ನಿನ್ನೆ ಸಂಜೆ ಫೋನ್ ಬಂದ ಕೂಡಲೇ ಅವರು ಮೊದಲು ತಿಳಿಸಿದ್ದು ನಾಗಮ್ಮನಿಗೆ.

ರೋಷನ ಕೈ ಇಳಿಸುತ್ತಾನೆ. ಅಂಕಿ ಸಿಕ್ಕಿತು ಎಂದರ್ಥ. ಇವತ್ತು ಅವಸರವಿಲ್ಲ. ಹೊಸ ಎಂಜಿನಿಯರ್ ದೇವಾನಂದ ಸಾಹೇಬರು ನಿಯಮದ ಮನುಷ್ಯ. ಹಳೆಯ ಸೇತುವೆಯ ಗುರುತಿನಿಂದ ಅಳತೆ ತರಿಸುತ್ತಿದ್ದಾರೆ. ಸೇತುವೆಯಿಂದ ತಿರುವಿಗೆ, ತಿರುವಿನಿಂದ ಈ ರಸ್ತೆಯಂಚಿಗೆ ಬಂದಾಗಿದೆ, ಇಲ್ಲಿಂದ ನಾಗಮ್ಮನ ಅಂಗಳಕ್ಕೆ ಬೀರಾ ಕೋಲು ಹೊತ್ತು ನಡೆಯುತ್ತಾರೆ. ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಕಟ್ಟೆಯ ಹತ್ತಿರ ಬಂದವರೇ, ನೀರಿನಲ್ಲೇ, ಚಪ್ಪಲಿ ಬಿಡುತ್ತಾರೆ. ಚಪ್ಪಲಿ ತೇಲುತ್ತ ಜಗಲಿಯ ಕಡೆ ಹೋಗುತ್ತದೆ. ಬಾಣದ ಮೇಲೆ ಕೋಲು ನಿಲ್ಲುತ್ತದೆ.

ಯಂತ್ರದ ಹಿಂದೆ ರೋಷನ ಕೂಡಿಸಿ ಕಳೆದು ಮಾಡುತ್ತಾನೆ. ಮತ್ತೊಮ್ಮೆ ಮಾಡುತ್ತಾನೆ.

"ಅರೇ ಬಾಬಾ! ಸರ್, ಈ ಕಲ್ಲಿನದು ಹಳೇ ಲೆಕ್ಕಕ್ಕೂ ಈಗಿನದಕ್ಕೂ ತಾಳೆ ಆಗೂದಿಲ್ಲ. ಒಂದು ಗೇಣು ಫರಕು ಬರ್ತದೆ" ಎಂದು ಕೂಗುತ್ತಾನೆ.

ಕೋಲಿನ ಹಿಂದೆ ಬೀರಾ ಅವರ ಮುಖ ಅರಳುತ್ತದೆ. ನಾಲ್ಕು ಮಳೆಗಾಲ ಬಾಯಿಯಲ್ಲಿ ಹೇಳಿದ್ದು ಇವತ್ತು ಯಂತ್ರದಲ್ಲಿ ಬಂದಿದೆ. ಜಗಲಿಯ ಮೇಲೆ ನಿಂತಿದ್ದ ನಾಗಮ್ಮ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡಿದ್ದಾರೆ.

ದೇವಾನಂದ ಸಾಹೇಬರು ಅಂಕಿಯನ್ನು ನೋಡಿ ತಲೆಯಾಡಿಸುತ್ತಾರೆ. "ಹಳೆಯದನ್ನು ಹೊಡೆದು ಹಾಕು. ಹೊಸದು ಬರಿ" ಎನ್ನುತ್ತಾರೆ. ರೋಷನ ಬರೆಯುತ್ತಾನೆ. ತಪ್ಪು ತಿದ್ದಿದ್ದು ಆಯಿತು.

"ಈಗ ಮೋರಿ ತಳಕ್ಕೆ ಇಡ್ಲಾ ಕೋಲು, ಸಾಹೇಬ್ರೇ?" ಬೀರಾ ಆಗಲೇ ಕೋಲು ಎತ್ತಿಕೊಂಡು ಹೊರಟಿದ್ದಾರೆ.

"ಮೋರಿಗಾ? ಬೇಡ ಬೇಡ. ರಸ್ತೆಯ ನಡುವಿಗೆ ಇಡಿ. ತಿರುವಿನವರೆಗೂ ನಡು ರಸ್ತೆಯದೇ ಬೇಕು."

ಬೀರಾ ನಿಂತಲ್ಲೇ ನಿಲ್ಲುತ್ತಾರೆ. ಸಾಹೇಬರು ಕೆಟ್ಟವರಲ್ಲ. ಹತ್ತಿರ ಬಂದು, ಮಗುವಿಗೆ ಹೇಳುವಂತೆ, ಸಮಾಧಾನವಾಗಿ ಹೇಳುತ್ತಾರೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ಹರಿಯುತ್ತದೆ, ವಾಹನಕ್ಕೆ ತೊಂದರೆ ಎಂದು ದೂರು ಬಂದಿದೆ. ರಸ್ತೆಯನ್ನು ಎತ್ತರಿಸಲು ಮಂಜೂರಾಗಿದೆ. ಮೋರಿ ಮುಗಿದ ಕಾಮಗಾರಿ, ಅದನ್ನು ಮುಟ್ಟಲು ಈ ಯೋಜನೆಯಲ್ಲಿ ಅವಕಾಶವಿಲ್ಲ.

"ಈಗ ನೀರು ಭಾಳಾದಾಗ ರಸ್ತೆ ಹತ್ತಿ ಆಚೆ ಬೀಳ್ತದೆ, ಅಷ್ಟಾದ್ರೂ ಹೋತದೆ. ರಸ್ತೆ ಎತ್ತರಾದ್ರೆ ಅದೂ ಹೋಗೂದಿಲ್ಲ. ಮನೆ ಸೂರು ಮುಟ್ಟೂಕೆ ಬತ್ತದೆ, ಸಾಹೇಬ್ರೇ!" ಬೀರಾ ಕೋಲಿನಿಂದಲೇ ಮನೆಗಳ ಕಡೆ ತೋರಿಸುತ್ತಾರೆ.

ದೇವಾನಂದ ಸಾಹೇಬರು ನೀರನ್ನು ನೋಡುತ್ತಾರೆ. "ನನಗೂ ಕಾಣುತ್ತದೆ ಬೀರಣ್ಣ. ನಾನು ಬರೆದು ಹಾಕುತ್ತೇನೆ. ಆದರೆ ಇವತ್ತು ರಸ್ತೆಯದು ಮುಗಿಸಬೇಕು" ಎನ್ನುತ್ತಾರೆ. ಬರೆದು ಹಾಕಿದ್ದು ಎಲ್ಲಿ ಹೋಗಿ ಬೀಳುತ್ತದೆಂದು ಇಬ್ಬರಿಗೂ ಗೊತ್ತು.

ಕೋಲನ್ನು ಬಿಸಾಡಿ ಹೋಗಿಬಿಡಬಹುದಿತ್ತಲ್ಲ ಎಂದು ಓದುವ ನಿಮಗೆ ಅನ್ನಿಸಬಹುದು. ಬಿಸಾಡಿದರೆ ಅದನ್ನು ಹಿಡಿಯಲು ನಾಳೆ ಇನ್ನೊಬ್ಬ ಬರುತ್ತಾನೆ. ಬೀರಾ ಬಿಸಾಡುವುದಿಲ್ಲ. ನಡುರಸ್ತೆಯಲ್ಲಿ ಒಂದೊಂದೇ ಜಾಗಕ್ಕೆ ಕೋಲು ಇಡುತ್ತ, ತೂಗುತ್ತ, ರೋಷನ ಕೈ ಇಳಿಸುವವರೆಗೆ ಕಾಯುತ್ತ ತಿರುವಿನವರೆಗೆ ಹೋಗುತ್ತಾರೆ. ಮೋರಿಯ ಮೇಲೆ ಹಾದು ಹೋಗುವಾಗ ಒಮ್ಮೆ ಬಗ್ಗಿ ಕೆಳಗೆ ನೋಡುತ್ತಾರೆ. ಬಿಸಿಲು ಏರುತ್ತಿದೆ.

ಕೆಲಸದ ನಡುವೆ ಸಿಕ್ಕ ಸ್ವಲ್ಪ ಬಿಡುವಿನಲ್ಲಿ, ನಿಮಗೇನು ಆಸೆ ಎಂದು ಕೇಳಿದರೆ ಅವರು ಕೋಲಿನ ಕೆಸರು ಒರೆಸುತ್ತಾರೆ. ಪಿಂಚಣಿ, ಮನೆ, ಕಾಯಂ ಕೆಲಸ, ಯಾವುದೂ ಬಾಯಿಗೆ ಬರುವುದಿಲ್ಲ.

"ಒಂದ್ಸಲ ಆ ಮೋರಿ ತಳಕ್ಕೆ ಕೋಲು ಇಡು ಅಂತ ಯಾರಾದ್ರೂ ಹೇಳ್ಬೇಕು. ಸಾಯೂದ್ರೊಳಗೆ ಒಂದ್ಸಲ. ಮತ್ತೆಂತದೂ ಬೇಡ" ಎನ್ನುತ್ತಾರೆ. ಕೋಲು ಎತ್ತಿಕೊಳ್ಳುತ್ತ, "ಹೇಳೂದಿಲ್ಲ ಬಿಡಿ" ಎಂದು ತಾವೇ ಮುಗಿಸುತ್ತಾರೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅಳತೆ ಮುಗಿಯುತ್ತದೆ. ಇನ್ನು ಉಳಿದಿರುವುದು ಒಂದೇ. ರಸ್ತೆ ಎತ್ತರಿಸುವಾಗ ಅಳೆಯಲು ಬೆಂಚ್ ಮಾರ್ಕ್ ಬೇಕು. ರೋಷನ ಸುತ್ತಲೂ ನೋಡುತ್ತಾನೆ. ರಸ್ತೆ ಅಗೆಯುತ್ತಾರೆ, ಬಾವಿಕಟ್ಟೆ ಕುಸಿದಿದೆ, ಬಿಟ್ಟುಹೋದ ಮನೆಗಳ ಗೋಡೆಗಳು ಇವತ್ತೋ ನಾಳೆಯೋ ಎನ್ನುವಂತಿವೆ. ಕೇರಿಗೆ ಕೇರಿಯಲ್ಲಿ ನೀರಿನ ಮೇಲೆ ಗಟ್ಟಿಯಾಗಿ ನಿಂತಿರುವುದು ನಾಗಮ್ಮನ ತುಳಸಿಕಟ್ಟೆ ಒಂದೇ. ಅದರ ಎತ್ತರವೂ ಈಗ ಬರೋಬರಿ ಗೊತ್ತಾಗಿದೆ.

"ಬೀರಣ್ಣ, ಅದೇ ಬಾಣಕ್ಕೆ ಹೊಸ ಬಣ್ಣ ಹಚ್ಚಿಬಿಡಿ. ಮಾಸಿಹೋಗಿದೆ" ಎನ್ನುತ್ತಾನೆ ರೋಷನ, ಬಣ್ಣದ ಡಬ್ಬಿ ಮುಂದೆ ಹಿಡಿದು.

ಬೀರಾ ಅವನ ಮುಖ ನೋಡುತ್ತಾರೆ. "ಆ ಕಟ್ಟೆ ಬೇಡ ತಮಾ. ಬೇರೆ ಎಲ್ಲಾದ್ರೂ ಹೇಳು, ಬರೀತೆ. ಆ ಕಟ್ಟೆಗೆ ನನ್ನ ಕೈ ಏಳೂದಿಲ್ಲ."

ರೋಷನ ಡಬ್ಬಿಯನ್ನು ಜಗಲಿಯ ಅಂಚಿಗೆ ಇಡುತ್ತಾನೆ.

ನಾಗಮ್ಮ ಜಗಲಿಯಿಂದ ಇಳಿದು ನೀರಿಗೆ ಬರುತ್ತಾರೆ. ಬೆಳಿಗ್ಗೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಪ್ರತಿ ವರ್ಷ ಈ ಹೊತ್ತಿಗೆ ತುಳಸಿ ಲಗ್ನಕ್ಕೆಂದು ಕಟ್ಟೆಗೆ ಸುಣ್ಣ ಬಳಿದಾಗಿರುತ್ತಿತ್ತು. ಈ ವರ್ಷ ಬಳಿದಿಲ್ಲ. ಮಗ ಯೋಗೇಶ ಅಂಕೋಲೆಯಲ್ಲಿ ಬಾಡಿಗೆಗೆ ಎರಡು ಕೋಣೆ ನೋಡಿಟ್ಟು ತಿಂಗಳಾಗಿತ್ತು. ಮೋರಿಯದು ಏನಾಗುತ್ತದೋ ನೋಡಿ ಹೇಳುತ್ತೇನೆ ಎಂದು ತಾಯಿ ತಡೆದಿದ್ದರು. ನಾಗಮ್ಮ ಬಣ್ಣದ ಡಬ್ಬಿಯನ್ನು ಎತ್ತಿ ತಾವೇ ಬೀರಾ ಅವರ ಕೈಗೆ ಕೊಡುತ್ತಾರೆ.

"ಹಚ್ಚು ಮಾರಾಯಾ" ಎನ್ನುತ್ತಾರೆ. "ಈ ಸಲ ಹೆದ್ರಬೇಡ. ಆ ಕಲ್ಲನ್ನ ಎತ್ತೂಕೆ ಈ ಮನೇಲಿ ಯಾರೂ ಇರೂದಿಲ್ಲ."

ಬೀರಾ ಕಟ್ಟೆಯ ಮುಂದೆ ಬಗ್ಗುತ್ತಾರೆ. ಮೊದಲು ಕಲ್ಲಿನ ಮೇಲಿನ ಪಾಚಿಯನ್ನು ಅಂಗೈಯಿಂದ ಒರೆಸುತ್ತಾರೆ. ಆಮೇಲೆ ಕುಂಚವನ್ನು ಅದ್ದಿ, ಹಳೆಯ ಗೆರೆಯ ಮೇಲೆಯೇ, ಎಲ್ಲೂ ಸರಿಯದಂತೆ, ಬಾಣ ಬರೆಯುತ್ತಾರೆ. ಬಣ್ಣ ಒಣಗುವವರೆಗೆ ನಾಗಮ್ಮ ಪಕ್ಕದಲ್ಲೇ ನಿಂತಿರುತ್ತಾರೆ, ಕೋಳಿ ಹಾರಿ ಅದರ ಮೇಲೆ ಕೂರದಂತೆ ನೋಡಿಕೊಳ್ಳುತ್ತ.